ಶ್ವಾನಗಳ ಸ್ನಾಯುದೌರ್ಬಲ್ಯವೂ ಏಡಿಗಂತಿಯೂ: ಒಂದು ವಿಚಾರದ ಚರಿತ್ರೆ

ರೋಗದ ಚರಿತ್ರೆಯೆಂದರೆ ರೋಗವು ಹುಟ್ಟಿ ಹಬ್ಬಿದ ಕಥೆ ಮಾತ್ರವಲ್ಲ. ಅದನ್ನು ರೋಗವೆಂದು ಗುರುತಿಸಲು ಮನುಷ್ಯನು ಕಲಿತ ಕಥೆಯೂ ಹೌದು. ಪ್ಲೇಗು, ಸಿಡುಬುಗಳಂಥ ಮಹಾಮಾರಿಗಳ ವಿಷಯದಲ್ಲಿ ಮೊದಲನೆಯ ಕಥೆಯೇ ಪ್ರಧಾನವಾಗಿ ನಿಂತು ಎರಡನೆಯದನ್ನು ಮರೆಮಾಡುತ್ತದೆ. ಆದರೆ ಸದ್ದಿಲ್ಲದೆ ಬರುವ ಕೆಲವು ರೋಗಗಳಲ್ಲಿ ಈ ಎರಡನೆಯ ಕಥೆಯೇ ಚರಿತ್ರೆಯ ಸಾರವಾಗಿರುತ್ತದೆ. ಮಯಸ್ತೀನಿಯ ಗ್ರಾವಿಸ್ ಎಂಬುದು ಅಂಥದೊಂದು ರೋಗ. ಗ್ರೀಕ್ ಮತ್ತು ಲ್ಯಾಟಿನ್ ಪದಗಳಿಂದಾದ ಈ ಹೆಸರಿಗೆ ‘ಘೋರವಾದ ಸ್ನಾಯುದೌರ್ಬಲ್ಯ’ ಎಂದರ್ಥ. ಇದು ಮನುಷ್ಯನಿಗೆ ಬರುವಂತೆಯೇ ನಾಯಿಗೂ ಬರುತ್ತದೆ. ರೋಗಕ್ಕೊಳಗಾದ ನಾಯಿಯು ವಿಶ್ರಾಂತಿಯಿಂದೆದ್ದಾಗ ಚೆನ್ನಾಗಿಯೇ ಹೆಜ್ಜೆಯಿಡುತ್ತದೆ. ಸ್ವಲ್ಪ ದೂರ ನಡೆದಮೇಲೆ ಹೆಜ್ಜೆಗಳು ಮೊಟಕಾಗುತ್ತವೆ, ಹಿಂಗಾಲುಗಳು ಕುಸಿಯುತ್ತವೆ, ಅದು ನೆಲಕ್ಕೊರಗುತ್ತದೆ. ಕೆಲವು ನಿಮಿಷ ಬಿಟ್ಟರೆ ಮತ್ತೆ ಏಳುತ್ತದೆ, ಮತ್ತೆ ಕುಸಿಯುತ್ತದೆ. ದಣಿವಿನಿಂದ ಹೆಚ್ಚಿ ವಿಶ್ರಾಂತಿಯಿಂದ ತಗ್ಗುವ ಈ ದೌರ್ಬಲ್ಯವೇ ರೋಗದ ಮುಖ್ಯ ಲಕ್ಷಣ.

ಈ ದೌರ್ಬಲ್ಯಕ್ಕೂ, ದೇಹದಲ್ಲಿ ಬೇರೆಲ್ಲಿಯೋ ಬೆಳೆಯುತ್ತಿರಬಹುದಾದ ಗಂತಿಗೂ, ಮುಖ್ಯವಾಗಿ ಏಡಿಗಂತಿ ಅಥವಾ ಕ್ಯಾನ್ಸರಿಗೂ ಏನಾದರೂ ಸಂಬಂಧವುಂಟೆ? ಉಂಟಾದರೆ ಅದು ಯಾವ ಬಗೆಯದು? ಈ ಪ್ರಶ್ನೆಗೆ ವೈದ್ಯವಿಜ್ಞಾನವು ಒಂದು ಶತಮಾನದ ಅವಧಿಯಲ್ಲಿ ಮೂರು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. ಆ ಉತ್ತರಗಳನ್ನು ಕ್ರಮವಾಗಿ ಪರಿಶೀಲಿಸಿ, ಈ ವಿಚಾರಪರಂಪರೆಯಲ್ಲಿ ನಾಯಿಯು ಎಂದು ಪ್ರವೇಶಿಸಿತು, ಪ್ರವೇಶಿಸಿ ಏನನ್ನು ಬದಲಾಯಿಸಿತು ಎಂಬುದನ್ನು ತೋರಿಸುವುದು ಪ್ರಕೃತ ಪ್ರಬಂಧದ ಉದ್ದೇಶ.

೧

ಈ ರೋಗದ ಮೊದಲ ವರ್ಣನೆಯೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಬರಹವು ಇಂಗ್ಲೆಂಡಿನ ವೈದ್ಯನಾದ ಥಾಮಸ್ ವಿಲ್ಲಿಸನದು. ೧೬೭೨ರಲ್ಲಿ ಪ್ರಕಟವಾದ ಅವನ ಲ್ಯಾಟಿನ್ ಗ್ರಂಥದ ಹೆಸರು ‘ಡಿ ಅನಿಮಾ ಬ್ರೂಟೋರಮ್’, ಎಂದರೆ ‘ಪಶುಗಳ ಆತ್ಮವನ್ನು ಕುರಿತು’. ಬೆಳಗ್ಗೆ ಚೆನ್ನಾಗಿ ನಡೆದಾಡಿ ಮಧ್ಯಾಹ್ನದೊಳಗಾಗಿ ಕೈಕಾಲು ಆಡಿಸಲಾರದೆ ಹೋಗುವ ರೋಗಿಗಳನ್ನೂ, ಬಹಳ ಹೊತ್ತು ಮಾತನಾಡಿದರೆ ತಾತ್ಕಾಲಿಕವಾಗಿ ಮೂಕಳಾಗುತ್ತಿದ್ದ ಒಬ್ಬ ಮಹಿಳೆಯನ್ನೂ ಅವನು ಅದರಲ್ಲಿ ವರ್ಣಿಸಿದ್ದಾನೆ. ಪಶುಗಳ ಹೆಸರನ್ನು ಹೊತ್ತ ಗ್ರಂಥದಲ್ಲಿ, ಪಶುಗಳ ಅಂಗಗಳನ್ನು ತಾನೇ ಛೇದಿಸಿ ನೋಡಿದ್ದ ವೈದ್ಯನೊಬ್ಬನು, ಈ ರೋಗವನ್ನು ಕಂಡದ್ದು ಮನುಷ್ಯರಲ್ಲಿ. ನಾಯಿಯಲ್ಲಿ ಇದೇ ರೋಗವುಂಟೆಂಬ ಮೊದಲ ವರದಿ ಬ್ರಿಟನ್ನಿನ ಪಶುವೈದ್ಯ ಪತ್ರಿಕೆಯಲ್ಲಿ ಪ್ರಕಟವಾದುದು ೧೯೬೧ರಲ್ಲಿ. ಆ ರೋಗಿ ಕೇರ್ನ್ ಟೆರಿಯರ್ ಜಾತಿಯ ಒಂದು ನಾಯಿ. ಎರಡಕ್ಕೂ ನಡುವೆ ೨೮೯ ವರ್ಷಗಳ ಅಂತರವಿದೆ.

ಈ ವಿಳಂಬಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ೧೭೬೨ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಮೊದಲ ಪಶುವೈದ್ಯಶಾಲೆ ಸ್ಥಾಪಿತವಾದಂದಿನಿಂದ ಬಹುಕಾಲದವರೆಗೆ ಆ ಶಾಸ್ತ್ರದ ಗಮನವೆಲ್ಲ ಸೈನ್ಯದ ಕುದುರೆ ಮತ್ತು ರೈತನ ದನಕರುಗಳ ಮೇಲಿತ್ತು. ನಾಯಿಯು ವೈದ್ಯನ ಕಣ್ಣಿಗೆ ಮುಖ್ಯವಾದ ರೋಗಿಯಾದದ್ದು ಈಚೆಗೆ. ಎರಡನೆಯದಾಗಿ, ಮನುಷ್ಯರಲ್ಲಿ ಈ ರೋಗವು ಬೆಳಕಿಗೆ ಬಂದದ್ದು ಬಹುಮಟ್ಟಿಗೆ ರೋಗಿಯ ಮಾತಿನಿಂದಲೇ: ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಊಟದ ಕೊನೆಯಲ್ಲಿ ಅಗಿಯಲಾಗುವುದಿಲ್ಲ ಎಂದು ರೋಗಿ ಹೇಳಿಕೊಳ್ಳುತ್ತಾನೆ. ನಾಯಿಗೆ ಆ ಸೌಕರ್ಯವಿಲ್ಲ. ಮೂರನೆಯದಾಗಿ, ನಾಯಿಯಲ್ಲಿ ರೋಗವು ವೇಷ ಮರೆಸಿಕೊಂಡು ಬರುತ್ತದೆ. ಮನುಷ್ಯನ ಅನ್ನನಾಳದ ಕೆಳಭಾಗವು ಇಚ್ಛಾಧೀನವಲ್ಲದ ನುಣುಪು ಸ್ನಾಯುವಿನಿಂದಾದದ್ದು. ನಾಯಿಯ ಅನ್ನನಾಳವಾದರೋ ಉದ್ದಕ್ಕೂ ಕೈಕಾಲುಗಳಲ್ಲಿರುವಂಥ ಪಟ್ಟೆಸ್ನಾಯುವಿನಿಂದಲೇ ಆದದ್ದು. ಆದ್ದರಿಂದ ಈ ರೋಗ ಬಂದ ನಾಯಿಗಳಲ್ಲಿ ಅನ್ನನಾಳವು ಶಕ್ತಿಗುಂದಿ ಚೀಲದಂತೆ ಹಿಗ್ಗುವುದು ಬಹು ಸಾಮಾನ್ಯ. ನುಂಗಿದ ಆಹಾರವು ಹೊಟ್ಟೆಗಿಳಿಯದೆ ಹಾಗೆಯೇ ಹೊರಬೀಳುತ್ತದೆ. ಕೆಲವು ನಾಯಿಗಳಲ್ಲಿ ಕಾಲುಗಳ ದೌರ್ಬಲ್ಯವೇ ಇರದೆ ಇದೊಂದೇ ಲಕ್ಷಣ ತೋರುವುದೂ ಉಂಟು. ಇದನ್ನು ಹೊಟ್ಟೆಯ ರೋಗವೆಂದೂ, ಕುಸಿದು ಬೀಳುವುದನ್ನು ಹೃದಯದ ರೋಗ ಅಥವಾ ಮುಪ್ಪು ಎಂದೂ ಭಾವಿಸಿದವರನ್ನು ನಾವು ದೂಷಿಸುವಂತಿಲ್ಲ.

೨

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮನುಷ್ಯರ ರೋಗವು ಸ್ಪಷ್ಟವಾದ ರೂಪ ತಾಳಿತು. ೧೮೭೭ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್, ೧೮೭೯ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಎರ್ಬ್, ೧೮೯೩ರಲ್ಲಿ ವಾರ್ಸಾದ ಗೋಲ್ಡ್‌ಫ್ಲಾಮ್ ರೋಗಿಗಳನ್ನು ವರ್ಣಿಸಿದರು. ೧೮೯೫ರಲ್ಲಿ ಬರ್ಲಿನ್ನಿನ ಫ್ರೀಡ್ರಿಖ್ ಯೋಲಿಯು ರೋಗಕ್ಕೆ ಈಗಿನ ಹೆಸರನ್ನು ಕೊಟ್ಟನು. ಸ್ನಾಯುವಿಗೆ ಮತ್ತೆ ಮತ್ತೆ ವಿದ್ಯುತ್ತನ್ನು ಹಾಯಿಸಿದರೆ ಅದರ ಸಂಕೋಚನವು ಕ್ರಮೇಣ ಕುಗ್ಗುವುದೆಂದೂ ತೋರಿಸಿದನು. ಸತ್ತ ರೋಗಿಗಳ ಮೆದುಳು, ಬೆನ್ನುಹುರಿಗಳಲ್ಲಿ ಮಾತ್ರ ದೌರ್ಬಲ್ಯಕ್ಕೆ ತಕ್ಕ ದೋಷವೇನೂ ಕಾಣಲಿಲ್ಲ.

ಇಂಥ ಸಂದರ್ಭದಲ್ಲಿ, ೧೯೦೧ರಲ್ಲಿ, ಫ್ರಾಂಕ್‌ಫರ್ಟಿನ ಕಾರ್ಲ್ ವೈಗರ್ಟ್ ಎಂಬ ಪ್ರಸಿದ್ಧ ರೋಗಶಾಸ್ತ್ರಜ್ಞನು ಈ ರೋಗದಿಂದ ಸತ್ತವನೊಬ್ಬನ ಎದೆಯೊಳಗೆ ಒಂದು ಗಂತಿಯನ್ನು ಕಂಡನು. ಅದು ಥೈಮಸ್ ಗ್ರಂಥಿಯಲ್ಲಿ ಬೆಳೆದದ್ದು. ಥೈಮಸ್ ಎಂಬುದು ಹೃದಯದ ಮುಂದೆ, ಎದೆಯೆಲುಬಿನ ಹಿಂದೆ ಇರುವ ಗ್ರಂಥಿ. ಎಳವೆಯಲ್ಲಿ ದೊಡ್ಡದಾಗಿದ್ದು ಪ್ರಾಯ ಬಂದಮೇಲೆ ಕುಗ್ಗುತ್ತದೆ. ಅದರ ಪ್ರಯೋಜನವೇನೆಂದು ಅಂದು ಯಾರಿಗೂ ತಿಳಿದಿರಲಿಲ್ಲ. ರೋಗಿಯ ಸ್ನಾಯುಗಳಲ್ಲಿಯೂ ಸಣ್ಣ ಸಣ್ಣ ಜೀವಕಣಗಳ ಗುಂಪುಗಳನ್ನು ಕಂಡ ವೈಗರ್ಟನು, ಎದೆಯ ಗಂತಿಯೇ ಸ್ನಾಯುಗಳಿಗೂ ಹರಡಿದೆಯೆಂದು ತೀರ್ಮಾನಿಸಿದನು. ಇದು ನಮ್ಮ ಪ್ರಶ್ನೆಗೆ ದೊರೆತ ಮೊದಲ ಉತ್ತರ: ಗಂತಿಯು ತಾನೇ ಸ್ನಾಯುವನ್ನು ಆಕ್ರಮಿಸುತ್ತದೆ, ಅದರಿಂದ ಸ್ನಾಯು ದುರ್ಬಲವಾಗುತ್ತದೆ.

ಉತ್ತರವು ಸರಳವಾಗಿತ್ತು, ಆದರೆ ನಿಲ್ಲಲಿಲ್ಲ. ೧೯೦೫ರಲ್ಲಿ ಲಂಡನ್ನಿನ ಫಾರ್ಕರ್ ಬಜಾರ್ಡನು ಹಲವು ರೋಗಿಗಳ ಸ್ನಾಯುಗಳನ್ನು ಪರೀಕ್ಷಿಸಿ, ಈ ಕಣಗಳ ಗುಂಪುಗಳು ಗಂತಿಯ ತುಣುಕುಗಳಲ್ಲವೆಂದೂ, ರಕ್ತದಲ್ಲಿ ಸಹಜವಾಗಿರುವ ಲಸಿಕಾಕಣಗಳೇ ಅಲ್ಲಿ ನೆರೆದಿವೆಯೆಂದೂ ವಿವರಿಸಿದನು. ಆದರೂ ವೈಗರ್ಟನ ಶೋಧನೆ ವ್ಯರ್ಥವಾಯಿತೆನ್ನಲಾಗದು. ಅವನ ವಿವರಣೆ ಬಿದ್ದುಹೋಯಿತು. ಅವನು ಕಂಡ ಸಂಗತಿ ಉಳಿಯಿತು. ಶಾಸ್ತ್ರದ ಚರಿತ್ರೆಯಲ್ಲಿ ಈ ಎರಡನ್ನೂ ಬೇರೆಬೇರೆಯಾಗಿ ತೂಗುವುದು ಅವಶ್ಯಕ.

೩

ಎರಡನೆಯ ಉತ್ತರವು ವಿಷದ ಕಲ್ಪನೆಯಿಂದ ಹುಟ್ಟಿತು. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಬಾಣಕ್ಕೆ ಸವರುತ್ತಿದ್ದ ಕುರಾರೆ ಎಂಬ ವಿಷವು ಸ್ನಾಯುಗಳನ್ನು ಸಡಿಲಗೊಳಿಸಿ ಉಸಿರಾಟವನ್ನು ನಿಲ್ಲಿಸುತ್ತದೆ. ೧೮೧೪ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ವಾಟರ್ಟನ್ ಮೊದಲಾದವರು ಈ ವಿಷವನ್ನು ಒಂದು ಹೆಣ್ಣು ಕತ್ತೆಗೆ ಕೊಟ್ಟು, ತಿದಿಯಿಂದ ಅದರ ಶ್ವಾಸಕೋಶಕ್ಕೆ ಗಾಳಿಯೂದಿ ಬದುಕಿಸಿದರು; ವಿಷದ ಪ್ರಭಾವವಿಳಿದ ಮೇಲೆ ಅದು ಎದ್ದು ನಿಂತಿತಲ್ಲದೆ ಮುಂದೆ ಅನೇಕ ವರ್ಷ ಬಾಳಿತು. ಸ್ನಾಯುವಿನ ನಿಶ್ಚಲತೆಯು ನಾಶವಲ್ಲ, ತಡೆ ಮಾತ್ರ ಎಂಬುದು ಇದರಿಂದ ಸೂಚಿತವಾಯಿತು. ಮುಂದೆ ಫ್ರಾನ್ಸಿನ ಕ್ಲೋದ್ ಬರ್ನಾರ್ಡನು ಕಪ್ಪೆಗಳ ಮೇಲಿನ ಪ್ರಯೋಗಗಳಿಂದ, ಈ ವಿಷವು ನರದ ಪ್ರೇರಣೆ ಸ್ನಾಯುವನ್ನು ಮುಟ್ಟದಂತೆ ಮಾಡುತ್ತದೆಂದು ತೋರಿಸಿದನು.

೧೯೩೪ರಲ್ಲಿ ಗ್ರೀನಿಚ್ಚಿನ ಸೇಂಟ್ ಆಲ್ಫೀಜ್ ಆಸ್ಪತ್ರೆಯಲ್ಲಿದ್ದ ಮೇರಿ ವಾಕರ್ ಎಂಬ ವೈದ್ಯೆಯು, ಮಯಸ್ತೀನಿಯವು ಕುರಾರೆಯ ವಿಷಬಾಧೆಯನ್ನು ಹೋಲುವುದನ್ನು ಗಮನಿಸಿ, ಕುರಾರೆಗೆ ಪ್ರತಿಯಾದ ಫೈಸೋಸ್ಟಿಗ್ಮೀನನ್ನು ರೋಗಿಗೆ ಕೊಟ್ಟಳು. ಜೋತುಬಿದ್ದ ರೆಪ್ಪೆ ಮೇಲಕ್ಕೆದ್ದಿತು. ಔಷಧದ ಗುಣವಿಳಿದಾಗ ಮತ್ತೆ ಜೋತಿತು. ಮರುವರ್ಷ ಅವಳು ನಿಯೋಸ್ಟಿಗ್ಮೀನನ್ನು ಬಳಕೆಗೆ ತಂದಳು. ನರದ ತುದಿಯಿಂದ ಅಸಿಟೈಲ್ ಕೋಲೀನ್ ಎಂಬ ರಾಸಾಯನಿಕವು ಹೊರಬಂದು ಸ್ನಾಯುವನ್ನು ಪ್ರೇರಿಸುತ್ತದೆಂದು ೧೯೩೬ರಲ್ಲಿ ಹೆನ್ರಿ ಡೇಲ್ ಮತ್ತು ಅವನ ಸಹೋದ್ಯೋಗಿಗಳು ಸಿದ್ಧಪಡಿಸಿದರು. ಆ ರಾಸಾಯನಿಕವು ಬೇಗ ಒಡೆದುಹೋಗದಂತೆ ತಡೆಯುವುದೇ ವಾಕರಳ ಔಷಧಗಳ ಗುಣ. ಇದೇ ವರ್ಗಕ್ಕೆ ಸೇರಿದ ಪಿರಿಡೋಸ್ಟಿಗ್ಮೀನನ್ನು ಇಂದಿಗೂ ನಾಯಿಗಳಿಗೆ ಕೊಡುತ್ತಾರೆ.

ಹಾಗಾದರೆ ಥೈಮಸ್ ಗಂತಿಯು ಕುರಾರೆಯಂಥ ಒಂದು ವಿಷವನ್ನು ಸ್ರವಿಸುತ್ತದೆಯೆ? ೧೯೩೬ರಲ್ಲಿ ಅಮೆರಿಕದ ಆಲ್ಫ್ರೆಡ್ ಬ್ಲೇಲಾಕನು ಒಬ್ಬ ಯುವತಿಯ ಎದೆಯಿಂದ ಥೈಮಸ್ ಗಂತಿಯನ್ನು ತೆಗೆದನು. ಅವಳ ದೌರ್ಬಲ್ಯ ಕಡಮೆಯಾಯಿತು. ಇದು ವಿಷದ ಕಲ್ಪನೆಗೆ ಬಲ ಕೊಟ್ಟಿತು. ಆದರೆ ೧೯೪೨ರಿಂದ ಇಂಗ್ಲೆಂಡಿನಲ್ಲಿ ಇದೇ ಶಸ್ತ್ರಕ್ರಿಯೆಯನ್ನು ಹಲವರಿಗೆ ನಡೆಸಿದ ಜೆಫ್ರಿ ಕೇನ್ಸನು ಒಂದು ವಿರೋಧಾಭಾಸವನ್ನು ಕಂಡನು: ಗಂತಿಯಿಲ್ಲದ ಥೈಮಸ್ಸನ್ನು ತೆಗೆಸಿಕೊಂಡವರು, ಗಂತಿಯುಳ್ಳವರಿಗಿಂತ ಚೆನ್ನಾಗಿ ಗುಣ ಹೊಂದಿದರು. ಗಂತಿಯೇ ವಿಷದ ಬುಗ್ಗೆಯಾಗಿದ್ದರೆ ಹೀಗಾಗಬಾರದು. ಅಂತೂ ಎರಡನೆಯ ಉತ್ತರವೂ ಅರ್ಧಸತ್ಯವಾಗಿ ಉಳಿಯಿತು.

೪

ಮೂರನೆಯ ಉತ್ತರ ಬಂದದ್ದು ೧೯೬೦ರಲ್ಲಿ. ದೇಹವು ಪರಕೀಯ ಕ್ರಿಮಿಗಳ ಮೇಲೆ ಪ್ರಯೋಗಿಸಬೇಕಾದ ಪ್ರತಿಕಾಯಗಳನ್ನು ತನ್ನ ಸ್ನಾಯುವಿನ ಮೇಲೆಯೇ ಪ್ರಯೋಗಿಸುತ್ತದೆಂದು ಸ್ಕಾಟ್ಲೆಂಡಿನ ಜಾನ್ ಸಿಂಪ್ಸನ್ ಊಹಿಸಿದನು. ಮರುವರ್ಷವೇ ಜಾಕ್ ಮಿಲ್ಲರನು, ದೇಹದ ರಕ್ಷಣಾಕಣಗಳನ್ನು ಸಿದ್ಧಗೊಳಿಸುವ ಅಂಗವೇ ಥೈಮಸ್ ಎಂಬುದನ್ನು ಇಲಿಗಳಲ್ಲಿ ತೋರಿಸಿದನು. ಅರವತ್ತು ವರ್ಷ ಅರ್ಥವಾಗದೆ ಉಳಿದಿದ್ದ ವೈಗರ್ಟನ ಸಂಗತಿಗೆ ಈಗ ಅರ್ಥ ಬಂದಿತು. ರಕ್ಷಣಾಕಣಗಳು ಸ್ವಕೀಯ ಪರಕೀಯ ವಿವೇಕವನ್ನು ಕಲಿಯುವ ಪಾಠಶಾಲೆಯೇ ಕೆಟ್ಟರೆ, ಅವು ತಪ್ಪುಪಾಠ ಕಲಿತು ಹೊರಬರುವುದು ಸಹಜ. ಅವು ಹೊರಬಿದ್ದ ಮೇಲೆ ಶಾಲೆಯನ್ನು ಕೆಡವಿದರೂ ತಪ್ಪುಪಾಠ ಒಮ್ಮೆಗೇ ಅಳಿಯುವುದಿಲ್ಲ. ಕೇನ್ಸನ ವಿರೋಧಾಭಾಸವನ್ನು ಭಾಗಶಃ ಹೀಗೆ ವಿವರಿಸಬಹುದು. ಕೇರ್ನ್ ಟೆರಿಯರಿನ ವರದಿ ಪ್ರಕಟವಾದದ್ದೂ ಇದೇ ೧೯೬೧ರಲ್ಲಿ ಎಂಬುದು ಗಮನಾರ್ಹ.

ಊಹೆಗೆ ಪ್ರಮಾಣವನ್ನೊದಗಿಸಿದವು ಎರಡು ಜೀವಿಗಳು: ಒಂದು ಹಾವು, ಇನ್ನೊಂದು ಮೀನು. ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು ೧೯೬೩ರಲ್ಲಿ ಅಲ್ಲಿಯ ಒಂದು ಪಟ್ಟೆಹಾವಿನ ವಿಷದಿಂದ ಬಂಗರೋಟಾಕ್ಸಿನ್ನನ್ನು ಬೇರ್ಪಡಿಸಿದರು. ಅಸಿಟೈಲ್ ಕೋಲೀನನ್ನು ಬರಮಾಡಿಕೊಳ್ಳುವ ಸ್ನಾಯುವಿನ ಗ್ರಾಹಕಗಳಿಗೆ ಇದು ಬಿಗಿಯಾಗಿ ಅಂಟಿಕೊಳ್ಳುವುದರಿಂದ ಆ ಗ್ರಾಹಕಗಳನ್ನು ಎಣಿಸುವುದು ಸಾಧ್ಯವಾಯಿತು. ಈ ಹಾವು ನಮ್ಮ ಕಟ್ಟುಹಾವಿನ ಕುಲದ್ದೇ; ಆ ಕುಲಕ್ಕೆ ಶಾಸ್ತ್ರಜ್ಞರಿಟ್ಟ ಬಂಗಾರಸ್ ಎಂಬ ಹೆಸರು, ಕೋರಮಂಡಲ ತೀರದ ತೆಲುಗರು ಹೊಂಬಣ್ಣದ ಪಟ್ಟೆಗಳ ಹಾವನ್ನು ಕರೆಯುತ್ತಿದ್ದ, ಕನ್ನಡಿಗರಿಗೂ ಪರಿಚಿತವಾದ ‘ಬಂಗಾರ’ ಎಂಬ ಮಾತಿನಿಂದ ಬಂದುದು. ಎರಡನೆಯದು ದಕ್ಷಿಣ ಅಮೆರಿಕದ ವಿದ್ಯುತ್ ಮೀನು. ಅದರ ವಿದ್ಯುದಂಗವು ಇದೇ ಗ್ರಾಹಕಗಳ ಗಣಿ. ೧೯೭೩ರಲ್ಲಿ ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ಆ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದಾಗ, ಮೊಲಗಳು ಅದರ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಂಡು ಮಯಸ್ತೀನಿಯದ ರೋಗಿಗಳಂತೆಯೇ ಕುಸಿದುಬಿದ್ದವು. ಅದೇ ವರ್ಷ, ಮನುಷ್ಯರೋಗಿಗಳ ಸ್ನಾಯುಗಳಲ್ಲಿ ಗ್ರಾಹಕಗಳ ಸಂಖ್ಯೆ ಬಹಳ ಇಳಿದಿರುವುದನ್ನು ಫ್ಯಾಂಬ್ರೊ, ಡ್ರಾಕ್‌ಮನ್ ಮತ್ತು ಸತ್ಯಮೂರ್ತಿ ತೋರಿಸಿದರು.

ಇಲ್ಲಿಂದ ನಾಯಿಯ ಸರದಿ. ೧೯೭೮ರಲ್ಲಿ ಮತ್ತು ೧೯೮೧ರಲ್ಲಿ ವಾಂಡಾ ಲೆನನ್, ಆಂಟನಿ ಪಾಮರ್ ಮೊದಲಾದವರು ಪ್ರಕಟಿಸಿದ ಅಧ್ಯಯನಗಳಿಂದ, ನಾಯಿಗಳಲ್ಲಿ ಎರಡು ಬೇರೆ ರೋಗಗಳಿರುವುದು ಖಚಿತವಾಯಿತು. ಒಂದು ಜನ್ಮಜಾತ: ಜ್ಯಾಕ್ ರಸೆಲ್ ಟೆರಿಯರ್ ಮುಂತಾದ ಕೆಲವು ತಳಿಗಳ ಮರಿಗಳಲ್ಲಿ ಆನುವಂಶಿಕ ದೋಷದಿಂದ ಬರುವಂಥದು. ಇದರಲ್ಲಿ ಪ್ರತಿಕಾಯಗಳಿಲ್ಲ, ಗಂತಿಯ ಸಂಬಂಧವೂ ಇಲ್ಲ. ಇನ್ನೊಂದು ವಯಸ್ಸಾದ ಮೇಲೆ ಬರುವ ಆರ್ಜಿತ ರೋಗ: ಇದರಲ್ಲಿ ಮನುಷ್ಯರಲ್ಲಿರುವಂತೆಯೇ ಗ್ರಾಹಕಗಳ ವಿರುದ್ಧ ಪ್ರತಿಕಾಯಗಳು ಇರುತ್ತವೆ. ನಮ್ಮ ಪ್ರಶ್ನೆ ಅನ್ವಯಿಸುವುದು ಈ ಎರಡನೆಯದಕ್ಕೆ ಮಾತ್ರ. ಎರಡನ್ನೂ ಬೆರೆಸಿ ಎಣಿಸಿದರೆ ಯಾವ ತೀರ್ಮಾನವೂ ನಿಲ್ಲದು.

೫

ಹಾಗಾದರೆ ನಾಯಿಗಳಲ್ಲಿ ಗಂತಿಯ ಸಂಬಂಧ ಎಷ್ಟರಮಟ್ಟಿನದು? ಮಯಸ್ತೀನಿಯವುಳ್ಳ ಮನುಷ್ಯರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮಂದಿಗೆ ಥೈಮಸ್ ಗಂತಿಯಿರುತ್ತದೆ. ೧೯೯೭ರಲ್ಲಿ ಡಯೇನ್ ಶೆಲ್ಟನ್ ಮತ್ತು ಸಂಗಡಿಗರು ೧೧೫೪ ರೋಗಗ್ರಸ್ತ ನಾಯಿಗಳ ಗಣನೆಯನ್ನು ಪ್ರಕಟಿಸಿದರು. ಅಕಿಟ ತಳಿಗೆ ಅಪಾಯವು ಅತ್ಯಧಿಕವೆಂದು ಅದರಿಂದ ತಿಳಿದುಬಂದಿತು. ನಾಯಿಗಳಲ್ಲಿ ಥೈಮಸ್ ಗಂತಿಯ ಪ್ರಮಾಣ ಮನುಷ್ಯರಿಗಿಂತ ಬಹಳ ಕಡಮೆ, ನೂರಕ್ಕೆ ಸುಮಾರು ಮೂರು ನಾಲ್ಕು ಮಾತ್ರ. ಆದರೆ ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಚಿತ್ರವೇ ಬದಲಾಗುತ್ತದೆ. ಥೈಮಸ್ ಗಂತಿಯುಳ್ಳ ನಾಯಿಗಳಲ್ಲಿ ಎಷ್ಟಕ್ಕೆ ಮಯಸ್ತೀನಿಯವಿದೆಯೆಂದು ಎಣಿಸಿದವರಲ್ಲಿ ಕೆಲವರು ಆರರಲ್ಲೊಂದೆಂದೂ, ಕೆಲವರು ಅರ್ಧಕ್ಕೆ ಸಮೀಪವೆಂದೂ ಕಂಡಿದ್ದಾರೆ. ದೌರ್ಬಲ್ಯವುಳ್ಳ ನಾಯಿಗೆ ಗಂತಿಯಿರುವುದು ಅಪರೂಪ. ಗಂತಿಯುಳ್ಳ ನಾಯಿಗೆ ದೌರ್ಬಲ್ಯವಿರುವುದು ಅಪರೂಪವಲ್ಲ. ಈ ಎರಡು ವಾಕ್ಯಗಳನ್ನು ಒಂದೇ ಎಂದು ಭಾವಿಸುವುದರಿಂದ ಅನಾವಶ್ಯಕವಾದ ಭಯವೂ ಹುಟ್ಟುತ್ತದೆ, ಅನುಚಿತವಾದ ನಿರ್ಲಕ್ಷ್ಯವೂ ಹುಟ್ಟುತ್ತದೆ.

ಥೈಮಸ್ಸಿಗೆ ಸೇರದ ಏಡಿಗಂತಿಗಳೂ ಈ ರೋಗದೊಡನೆ ಕಾಣಿಸಿಕೊಂಡಿವೆ. ಮೂಳೆಯ ಗಂತಿ, ಪಿತ್ತನಾಳದ ಗಂತಿ, ಗುದಚೀಲದ ಗಂತಿ, ಚರ್ಮದ ಲಸಿಕಾಗಂತಿ ಇವು ವರದಿಯಾದವುಗಳಲ್ಲಿ ಕೆಲವು. ಬಾಕ್ಸರ್ ತಳಿಯ ನಾಯಿಗಳಲ್ಲಿ ಸ್ನಾಯುಗಳೇ ಉರಿಯೂತಕ್ಕೊಳಗಾಗುವ ಬೇರೊಂದು ರೋಗದ ಹಿಂದೆ ಲಸಿಕಾಗಂತಿಯು ಅಡಗಿರುವುದನ್ನೂ ಕಂಡಿದ್ದಾರೆ. ಇಂಥ ದೂರದ ಸಂಬಂಧವು ಸಾಧ್ಯವೆಂಬುದಕ್ಕೆ ಮನುಷ್ಯರಲ್ಲಿ ಬಲವಾದ ದೃಷ್ಟಾಂತವಿದೆ. ೧೯೫೬ರಲ್ಲಿ ಮೇಯೋ ಕ್ಲಿನಿಕ್ಕಿನ ಲೀ ಈಟನ್ ಮತ್ತು ಎಡ್ವರ್ಡ್ ಲ್ಯಾಂಬರ್ಟ್ ವರ್ಣಿಸಿದ ದೌರ್ಬಲ್ಯರೋಗದಲ್ಲಿ, ಶ್ವಾಸಕೋಶದ ಏಡಿಗಂತಿಯ ಕಣಗಳೂ ನರದ ತುದಿಗಳೂ ಒಂದೇ ಬಗೆಯ ಕ್ಯಾಲ್ಸಿಯಂ ದ್ವಾರಗಳನ್ನು ಹೊಂದಿರುತ್ತವೆ. ದೇಹವು ಗಂತಿಯನ್ನು ಕೊಲ್ಲಲು ಕಳುಹಿಸಿದ ಪ್ರತಿಕಾಯವು ನರವನ್ನೂ ಘಾತಿಸುತ್ತದೆ. ಶತ್ರುವಿನ ಮೇಲೆ ಎತ್ತಿದ ಕತ್ತಿ ಮಿತ್ರನನ್ನೂ ತಾಗಿದಂತೆ. ನಾಯಿಗಳ ೧೯೮೧ರ ಅಧ್ಯಯನದಲ್ಲಿ ಈ ಲ್ಯಾಂಬರ್ಟನೂ ಪಾಲುಗೊಂಡಿದ್ದನು.

ಈ ಚರಿತ್ರೆಯಲ್ಲಿ ನಾಯಿಯು ಕೊಟ್ಟ ಅತ್ಯಂತ ಮಹತ್ವದ ಪಾಠವು ೨೦೦೧ರಲ್ಲಿ ಪ್ರಕಟವಾಯಿತು. ಶೆಲ್ಟನ್ ಮತ್ತು ಲಿಂಡ್‌ಸ್ಟ್ರಾಮ್ ೫೩ ನಾಯಿಗಳ ರೋಗಗತಿಯನ್ನು ದೀರ್ಘಕಾಲ ಅನುಸರಿಸಿ ನೋಡಿದರು. ಅವುಗಳಲ್ಲಿ ೪೭ ನಾಯಿಗಳಿಗೆ, ದೇಹದ ರಕ್ಷಣಾವ್ಯವಸ್ಥೆಯನ್ನು ಅಡಗಿಸುವ ಔಷಧಗಳಿಲ್ಲದೆಯೇ, ಸರಾಸರಿ ಆರು ತಿಂಗಳಿಗೆ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ರೋಗವು ತಾನಾಗಿಯೇ ಶಮನವಾಯಿತು; ರಕ್ತದ ಪ್ರತಿಕಾಯಗಳೂ ಇಳಿದುಹೋದವು. ಮನುಷ್ಯರಲ್ಲಿ ಹೀಗಾಗುವುದು ವಿರಳ. ಶಮನವಾಗದೆ ಉಳಿದ ಆರು ನಾಯಿಗಳಲ್ಲಿ ಕಾಲಕ್ರಮದಲ್ಲಿ ಒಂದಲ್ಲ ಒಂದು ಗಂತಿಯು ಪತ್ತೆಯಾಯಿತು.

ಆರು ಎಂಬುದು ಚಿಕ್ಕ ಸಂಖ್ಯೆ. ಅದರ ಮೇಲೆ ನಿಯಮವನ್ನು ಕಟ್ಟಲಾಗದು. ಒಟ್ಟಿಗೆ ಕಂಡುಬಂದವುಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವೆಂದು ಅಷ್ಟರಿಂದಲೇ ಸಿದ್ಧವಾಗುವುದೂ ಇಲ್ಲ. ಆದರೂ ಅದರಿಂದ ಎರಡು ಮಾತುಗಳನ್ನು ಧೈರ್ಯವಾಗಿ ಹೇಳಬಹುದು. ಮೊದಲನೆಯದು ಚಿಕಿತ್ಸೆಗೆ ಸಂಬಂಧಿಸಿದ್ದು. ಪ್ರತಿಕಾಯಗಳು ಇಳಿಯದೆ ದೌರ್ಬಲ್ಯವು ಹಟಹಿಡಿದು ನಿಂತರೆ, ಅಡಗಿರುವ ಗಂತಿಯನ್ನು ಮತ್ತೆ ಮತ್ತೆ ಹುಡುಕುವುದು ವೈದ್ಯನ ಕರ್ತವ್ಯವಾಗುತ್ತದೆ. ರೋಗದ ಪ್ರಾರಂಭದಲ್ಲಿಯೇ ಎದೆಯ ಕ್ಷಕಿರಣ ಚಿತ್ರವನ್ನು ತೆಗೆಯುವುದು ರೂಢಿಯಲ್ಲಿದೆ. ಅದರಲ್ಲಿ ಹಿಗ್ಗಿದ ಅನ್ನನಾಳವೂ ಕಾಣುತ್ತದೆ, ಥೈಮಸ್ಸಿನ ಗಂತಿಯೂ ಕಾಣುತ್ತದೆ. ಎರಡನೆಯದು ಪ್ರಮಾಣವಿಚಾರಕ್ಕೆ ಸಂಬಂಧಿಸಿದ್ದು. ಹೆಚ್ಚಿನ ನಾಯಿಗಳು ತಾವಾಗಿಯೇ ಗುಣ ಹೊಂದುವುದಾದರೆ, ಯಾವುದೇ ಔಷಧದಿಂದ ಅಥವಾ ಶಸ್ತ್ರಕ್ರಿಯೆಯಿಂದ ಗುಣವಾಯಿತೆಂಬ ಮಾತನ್ನು ಈ ಸಹಜಶಮನದೊಡನೆ ಹೋಲಿಸದೆ ಒಪ್ಪುವಂತಿಲ್ಲ. ಮನುಷ್ಯರಲ್ಲಿ ಕೂಡ, ಗಂತಿಯಿಲ್ಲದ ಥೈಮಸ್ಸನ್ನು ತೆಗೆಯುವುದರಿಂದ ನಿಜವಾಗಿಯೂ ಪ್ರಯೋಜನವುಂಟೆಂಬುದು, ೧೨೬ ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸಿ ಹೋಲಿಸಿದ ಪರೀಕ್ಷೆಯಿಂದ ಸ್ಥಿರಪಟ್ಟದ್ದು ೨೦೧೬ರಲ್ಲಿ; ಬ್ಲೇಲಾಕನ ಮೊದಲ ಶಸ್ತ್ರಕ್ರಿಯೆಯಾಗಿ ಎಂಬತ್ತು ವರ್ಷಗಳ ಮೇಲೆ.

೬

ಗಂತಿಯು ಸ್ನಾಯುವನ್ನು ಆಕ್ರಮಿಸುತ್ತದೆ, ಗಂತಿಯು ವಿಷವನ್ನು ಸ್ರವಿಸುತ್ತದೆ, ಗಂತಿಯು ದೇಹದ ರಕ್ಷಣೆಯನ್ನು ದಾರಿ ತಪ್ಪಿಸುತ್ತದೆ: ಇವು ನಾವು ಮೇಲೆ ಕಂಡ ಮೂರು ಉತ್ತರಗಳು. ಮೊದಲನೆಯದು ಸೂಕ್ಷ್ಮದರ್ಶಕದಿಂದ, ಎರಡನೆಯದು ಔಷಧದಿಂದ, ಮೂರನೆಯದು ಹಾವು ಮೀನು ಮೊಲಗಳ ನೆರವಿನಿಂದ ಹುಟ್ಟಿತು. ಪ್ರತಿಯೊಂದೂ ತನ್ನ ಹಿಂದಿನದನ್ನು ತಳ್ಳಿಹಾಕಿತಾದರೂ ಹಿಂದಿನವರು ಕಂಡ ಸಂಗತಿಗಳನ್ನು ಉಳಿಸಿಕೊಂಡಿತು. ನಾಯಿಯು ಇವುಗಳಲ್ಲಿ ಮೂರನೆಯದರ ಕಾಲದಲ್ಲಿ ಮಾತ್ರ ರಂಗಪ್ರವೇಶ ಮಾಡಿತು. ಆದರೂ ಪ್ರಯೋಗಶಾಲೆಯಲ್ಲಿ ರೋಗವನ್ನು ಹುಟ್ಟಿಸಿದ ಮೊಲದಿಂದ ದೊರೆಯದ ಒಂದು ತಿಳಿವಳಿಕೆಯನ್ನು ಅದು ಕೊಟ್ಟಿತು. ಏಕೆಂದರೆ ನಾಯಿಗೆ ರೋಗವು ಮನುಷ್ಯನಿಗೆ ಬರುವಂತೆ ತಾನಾಗಿಯೇ ಬರುತ್ತದೆ, ತಾನಾಗಿಯೇ ಹೋಗುತ್ತದೆ. ಹೋಗದಿದ್ದಾಗ ಅದಕ್ಕೆ ಕಾರಣವೇನೆಂದು ಕೇಳುವಂತೆ ಮಾಡುತ್ತದೆ.

ಈ ಚರಿತ್ರೆಯ ಫಲವು ಗ್ರಂಥಾಲಯದಲ್ಲಿಯೇ ಉಳಿಯತಕ್ಕದ್ದಲ್ಲ. ರೋಗ ಬಂದ ನಾಯಿಗಳಲ್ಲಿ ಅನೇಕವು ಸಾಯುವುದು ದೌರ್ಬಲ್ಯದಿಂದಲೂ ಅಲ್ಲ, ಏಡಿಗಂತಿಯಿಂದಲೂ ಅಲ್ಲ. ಹಿಗ್ಗಿದ ಅನ್ನನಾಳದಿಂದ ಹಿಂದಿರುಗಿದ ಆಹಾರವು ಶ್ವಾಸಕೋಶಕ್ಕೆ ಇಳಿದು ಉಂಟಾಗುವ ನ್ಯುಮೋನಿಯದಿಂದ. ಮುಂಗಾಲುಗಳನ್ನೆತ್ತಿ ನೆಟ್ಟಗೆ ಕುಳ್ಳಿರಿಸಿ ಆಹಾರ ಕೊಡುವುದು, ಉಂಡಮೇಲೆ ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿರುವುದು, ಔಷಧವನ್ನು ತಪ್ಪದೆ ಕೊಡುವುದು, ಇಂಥ ಶ್ರದ್ಧೆಯ ಸೇವೆಯಿಂದ ಆ ಕೆಲವು ತಿಂಗಳುಗಳನ್ನು ದಾಟಿಸಿದರೆ ಬಹುಪಾಲು ನಾಯಿಗಳು ಮತ್ತೆ ಓಡಾಡುವಂತಾಗುತ್ತವೆ. ಕುಸಿದ ನಾಯಿಯನ್ನು ಕಂಡೊಡನೆ ಇದು ಏಡಿಗಂತಿಯೇ ಇರಬೇಕೆಂದು ಆಸೆ ಬಿಡುವುದೂ, ಹಲವು ತಿಂಗಳು ಕಳೆದರೂ ಏಳದ ನಾಯಿಯಲ್ಲಿ ಅದನ್ನು ಹುಡುಕದೆ ಬಿಡುವುದೂ ಒಂದೇ ತಪ್ಪಿನ ಎರಡು ಮುಖಗಳು. ಈ ಎರಡರ ನಡುವಣ ದಾರಿಯನ್ನು ಕಾಣಲು ಮನುಷ್ಯನಿಗೆ ಮೂರು ಶತಮಾನಗಳು ಹಿಡಿದವು.